ಸಹವಾಸ

'ಕೋಲಿವಿಂಗ್' ಎಂಬ ಇಂಗ್ಲಿಷ್ ಮಾತನ್ನು ಕನ್ನಡಕ್ಕೆ ತರಲು ಹೊರಟವನಿಗೆ ನಿಘಂಟಿನ ನೆರವು ಬೇಕಾಗುವುದಿಲ್ಲ. 'ಸಹ' ಎಂದರೆ ಕೂಡಿ, 'ವಾಸ' ಎಂದರೆ ಇರುವುದು; 'ಸಹವಾಸ' ಎಂಬ ಪದ ಸಿದ್ಧವಾಗಿಯೇ ಇದೆ. ತೊಡಕು ಬರುವುದು ಆಮೇಲೆ. ಕನ್ನಡಿಗರು ಈ ಪದವನ್ನು ಒಳ್ಳೆಯ ಸಂದರ್ಭದಲ್ಲಿ ಬಳಸುವುದೇ ಅಪರೂಪ. ಹುಡುಗ ಕೆಟ್ಟರೆ ಅದು ಸಹವಾಸದೋಷ. ಸಾಲ ಕೊಟ್ಟು ಕೈ ಸುಟ್ಟುಕೊಂಡವನು ಹೇಳುವುದು, 'ಅವನ ಸಹವಾಸವೇ ಬೇಡಪ್ಪಾ' ಎಂದು. ಬೆಂಗಳೂರಿನ ಹೊರವಲಯದಲ್ಲಿ ಐದಾರು ಅಂತಸ್ತಿನ ಕಟ್ಟಡಗಳ ನೆತ್ತಿಗೆ ಬಣ್ಣದ ಫಲಕ ಏರಿಸಿ ಕೋಣೆಗಳನ್ನು ಬಾಡಿಗೆಗೆ ಕೊಡುವವರು ಇಂಗ್ಲಿಷ್ ಹೆಸರನ್ನೇ ಇಟ್ಟುಕೊಂಡದ್ದು ಜಾಣತನವೇ ಸರಿ. 'ಇಲ್ಲಿ ಸಹವಾಸ ಬಾಡಿಗೆಗೆ ದೊರೆಯುತ್ತದೆ' ಎಂದು ಬರೆದಿದ್ದರೆ ಯಾವ ತಾಯಿ ತಾನೇ ಮಗನನ್ನು ಅಲ್ಲಿಗೆ ಕಳಿಸಿಯಾಳು?

ಕೂಡಿ ಬಾಳುವುದು ಈ ನಾಡಿಗೆ ಹೊಸತೇನೂ ಅಲ್ಲ. ಸೋಮವಾರ ವಕೀಲರ ಮನೆ, ಮಂಗಳವಾರ ಶಾನುಭೋಗರ ಮನೆ ಎಂದು ವಾರದ ಏಳು ದಿನಕ್ಕೆ ಏಳು ಮನೆ ಗೊತ್ತುಮಾಡಿಕೊಂಡು, ವಾರಾನ್ನ ಉಂಡು, ಯಾರದೋ ಜಗಲಿಯ ಮೇಲೆ ಮಲಗಿ ಓದಿದ ಹುಡುಗರು ಮುಂದೆ ದೊಡ್ಡ ದೊಡ್ಡ ಹುದ್ದೆಗಳಿಗೆ ಏರಿದರು. ಮಠಗಳು, ಸಮಾಜಗಳು ಉಚಿತ ವಿದ್ಯಾರ್ಥಿನಿಲಯಗಳನ್ನು ತೆರೆದವು. ಬೆಂಗಳೂರಿನಲ್ಲಿ ರೈಲಿಳಿದ ಪರಸ್ಥಳದವನಿಗೆ ತೋಟದಪ್ಪನವರ ಛತ್ರವಿತ್ತು. ನೌಕರಿ ಹಿಡಿದು ಸಂಸಾರ ಹೂಡಿದವನಿಗೆ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳ ವಠಾರಗಳಿದ್ದವು. ನಡುವೆ ಒಂದು ಅಂಗಳ, ಅದರ ಎರಡು ಮಗ್ಗುಲಿಗೆ ಸಾಲುಮನೆಗಳು, ಎಲ್ಲರಿಗೂ ಸೇರಿ ಒಂದು ನಲ್ಲಿ, ಹಿತ್ತಲಲ್ಲಿ ಸರದಿಯ ಮೇಲೆ ಬಳಸುವ ಕಕ್ಕಸು, ಎದುರು ಮನೆಯಲ್ಲಿ ಮಾಲೀಕರು. ಆ ನಲ್ಲಿಯ ಮುಂದೆ ನಡೆದ ಕದನಗಳಿಗೆ ಲೆಕ್ಕವಿಲ್ಲ. ಆದರೂ ಯಾರ ಮನೆಗೆ ಕಾಗದ ಬಂತು, ಯಾರ ಮನೆಯಲ್ಲಿ ಒಲೆ ಹೊತ್ತಲಿಲ್ಲ ಎಂಬುದು ಮಧ್ಯಾಹ್ನದೊಳಗೆ ಎಲ್ಲರಿಗೂ ತಿಳಿದಿರುತ್ತಿತ್ತು. ಗುಟ್ಟೆಂಬುದು ವಠಾರದಲ್ಲಿ ಸಾಧ್ಯವಿರಲಿಲ್ಲ. ಹಸಿವನ್ನೂ ಅಲ್ಲಿ ಗುಟ್ಟಾಗಿಡಲು ಆಗುತ್ತಿರಲಿಲ್ಲವೆಂಬುದನ್ನು ಮರೆಯಬಾರದು.

ಇಂದಿನ ಬಗೆಯ ಸಹವಾಸಕ್ಕೆ ಪರದೇಶದಲ್ಲಿ ಹಿರಿಯಣ್ಣನೊಬ್ಬನಿದ್ದಾನೆ. 1934ರಲ್ಲಿ ಲಂಡನ್ನಿನ ಲಾನ್ ರೋಡಿನಲ್ಲಿ ಒಂಟಿ ಜೀವಿಗಳಿಗೆಂದೇ ಕಾಂಕ್ರೀಟಿನ ಒಂದು ವಸತಿ ಕಟ್ಟಡ ತೆರೆಯಿತು. ಪುಟ್ಟ ಕೋಣೆ, ಅದಕ್ಕಿಂತ ಪುಟ್ಟ ಅಡುಗೆಮೂಲೆ. ದೊಡ್ಡ ಅಡುಗೆಮನೆ ಮಾತ್ರ ಕೆಳಗೆ, ಎಲ್ಲರಿಗೂ ಒಂದೇ. ಸಿದ್ಧವಾದ ಊಟ ಕೈಯಿಂದ ಎಳೆಯುವ ಸಣ್ಣ ಲಿಫ್ಟಿನಲ್ಲಿ ಮೇಲಕ್ಕೆ ಬರುತ್ತಿತ್ತು. ಬಟ್ಟೆ ಒಗೆದು ಕೊಡುವ, ಬೂಟಿಗೆ ಪಾಲಿಷ್ ಹಾಕಿಕೊಡುವ ಏರ್ಪಾಡೂ ಇತ್ತು. ಪತ್ತೇದಾರಿ ಕಾದಂಬರಿಗಳ ಅಗಾಥಾ ಕ್ರಿಸ್ಟಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿದ್ದಳು. ಅಷ್ಟೊಂದು ಅಪರಿಚಿತರು ಒಂದೇ ಸೂರಿನಡಿ ಇರುವುದನ್ನು ಕಂಡು ಅವಳಿಗೆ ಏನೇನು ತೋಚಿತೋ ಅವಳೇ ಬಲ್ಲಳು.

ಬೆಂಗಳೂರಿನ ಸರ್ಜಾಪುರ ರಸ್ತೆಯ ಕಡೆ, ಬೆಳ್ಳಂದೂರಿನಿಂದ ಆಚೆಗೆ ಹೋದರೆ ಇಂಥ ಕಟ್ಟಡಗಳು ಬೀದಿಗೆ ನಾಲ್ಕು ಸಿಗುತ್ತವೆ. ನಿನ್ನೆ ಮೊನ್ನೆಯವರೆಗೆ ರಾಗಿಯ ಹೊಲ, ಸೊಪ್ಪಿನ ತೋಟವಿದ್ದ ಜಾಗ. ಕೋಣೆಗೊಂದು ಮಂಚ, ಮೇಜು, ಬೀರು, ಕಿಟಕಿ. ಬೆಳಗ್ಗೆ ತಿಂಡಿ, ರಾತ್ರಿ ಊಟ. ಕೆಳಗಿನ ಅಂತಸ್ತಿನಲ್ಲಿ ಎಲ್ಲರಿಗೂ ಸೇರಿದ ಹಜಾರ. ಅಲ್ಲಿ ಒಂದು ದೊಡ್ಡ ಟಿ.ವಿ., ಒಂದು ಕೇರಂ ಬೋರ್ಡು, ಮತ್ತು ಗೋಡೆಯ ಮೇಲೆ ನಗುತ್ತಿರುವ ಯುವಕ ಯುವತಿಯರ ಚಿತ್ರ. ಚಿತ್ರದಲ್ಲಿರುವಷ್ಟು ಮಂದಿ ಆ ಹಜಾರದಲ್ಲಿ ಒಟ್ಟಿಗೆ ಕುಳಿತದ್ದನ್ನು ಕಂಡವರಿಲ್ಲ. ಎಲ್ಲರಿಗೂ ಸೇರಿದ ಫ್ರಿಜ್ಜಿನಲ್ಲಿ ಮೊಸರಿನ ಡಬ್ಬಿಗಳ ಮೇಲೆ ಕೋಣೆಯ ಸಂಖ್ಯೆ ಬರೆದಿರುತ್ತದೆ. ಹಾಗೆ ಬರೆದದ್ದರಿಂದ ಯಾರ ಮೊಸರು ಕಳುವಾಯಿತೆಂದು ತಿಳಿಯುತ್ತದೆಯೇ ಹೊರತು ಮೊಸರು ಉಳಿಯುವುದಿಲ್ಲ.

ಇಂಥ ವಸತಿಗಳಿಗೆ ತರುಣರು ಒಲಿಯಲು ಕಾರಣವೂ ಇದೆ. ಬೆಂಗಳೂರಿನಲ್ಲಿ ಮನೆ ಬೇಕೆಂದರೆ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಇಡಬೇಕೆಂಬುದು ಬಹುಕಾಲದ ವಾಡಿಕೆ. ಅಷ್ಟು ಹಣ ಇಟ್ಟರೂ ಮದುವೆಯಾಗದ ಹುಡುಗರಿಗೆ ಮನೆ ಕೊಡಲು ಮಾಲೀಕರು ಹಿಂದೆಮುಂದೆ ನೋಡುತ್ತಾರೆ. ಕೋಲಿವಿಂಗಿನವರು ಒಂದೆರಡು ತಿಂಗಳ ಮುಂಗಡಕ್ಕೆ ಒಪ್ಪುತ್ತಾರೆ, ಜಾತಿ ಕೇಳುವುದಿಲ್ಲ, ಮೊಟ್ಟೆ ತಿನ್ನುವೆಯಾ ಎಂದು ವಿಚಾರಿಸುವುದಿಲ್ಲ. ತಿಂಗಳಿಗೆ 20,000 ರೂಪಾಯಿ ಮೀರದ, ಒಬ್ಬನೇ ಎಡೆಬಿಡದೆ 90 ದಿನವಾದರೂ ಉಳಿಯುವ ವಸತಿಗೆ ಜಿ.ಎಸ್.ಟಿ. ಇಲ್ಲವೆಂದು 2024ರ ಜುಲೈಯಿಂದ ಸರ್ಕಾರವೂ ವಿನಾಯಿತಿ ಕೊಟ್ಟಿದೆ. ಸಹಿ ಹಾಕುವ ಕಾಗದವನ್ನು ಮಾತ್ರ ಯಾರೂ ಓದುವುದಿಲ್ಲ. ಓದಿದರೆ ತಿಳಿದೀತು: ಇಂಥ ಅನೇಕ ಕಡೆ ಅದು ಬಾಡಿಗೆಯ ಕರಾರೇ ಅಲ್ಲ, ಬರಿಯ 'ಲೈಸೆನ್ಸ್'. ಒಬ್ಬರ ಸ್ವತ್ತಿನಲ್ಲಿ ಇನ್ನೊಬ್ಬರು ಇರಲು ಕೊಟ್ಟ ಅನುಮತಿ, ಅಷ್ಟೇ. ಸ್ವತ್ತಿನ ಮೇಲೆ ಅವನಿಗೆ ಯಾವ ಹಕ್ಕೂ ಹುಟ್ಟುವುದಿಲ್ಲ. ಈ ಅನುಮತಿಯ ಲಕ್ಷಣವನ್ನು ವಿವರಿಸುವ ಈಸ್‌ಮೆಂಟ್ಸ್ ಕಾಯಿದೆ 1882ರದು. ಹೊಸ ಬಣ್ಣ ಬಳಿದ ಕಟ್ಟಡದ ಅಡಿಪಾಯದಲ್ಲಿ ಬ್ರಿಟಿಷರ ಕಾಲದ ಕಲ್ಲು.

ಹಿಂದೆ ಪಿ.ಜಿ.ಗಳಲ್ಲಿ ಇರುತ್ತಿದ್ದವರಿಗೆ ಕೋಣೆಯೆಂಬುದು ಮಲಗುವ ಜಾಗವಾಗಿತ್ತು. ಬೆಳಗ್ಗೆ ಕಂಪನಿಯ ಬಸ್ಸು ಹತ್ತಿದರೆ ರಾತ್ರಿಯೇ ಮರಳಿಕೆ. 2020ರ ಮಾರ್ಚಿಯಲ್ಲಿ ದೇಶಕ್ಕೆ ಬೀಗ ಬಿದ್ದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ಆಗ ಅನೇಕ ಪಿ.ಜಿ.ಗಳು ಬರಿದಾದವು, ಹುಡುಗರು ಸಿಕ್ಕಿದ ವಾಹನ ಹಿಡಿದು ಊರು ಸೇರಿದರು. ಊರಿನಿಂದಲೇ ಕಚೇರಿಯ ಕೆಲಸ ಸಾಗಿದ್ದನ್ನು ಕಂಡ ಕಂಪನಿಗಳಲ್ಲಿ ಹಲವು ಮುಂದೆ ನೌಕರರನ್ನು ಹಿಂದಕ್ಕೆ ಕರೆದವು. ಕೆಲವು ಕರೆಯಲೇ ಇಲ್ಲ. ಹೀಗೆ ಕಚೇರಿಯೇ ಇಲ್ಲದ ಕಚೇರಿ ನೌಕರನೆಂಬ ಹೊಸ ವರ್ಗವೊಂದು ಹುಟ್ಟಿತು. ಅವನು ಮಲಗುವುದು, ಉಣ್ಣುವುದು, ದುಡಿಯುವುದು, ಮೇಲಧಿಕಾರಿಯಿಂದ ಬೈಸಿಕೊಳ್ಳುವುದು ಎಲ್ಲವೂ ಏಳಡಿಗೆ ಹತ್ತಡಿಯ ನೆಲದಲ್ಲಿ.

ತೀರ್ಥಹಳ್ಳಿಯ ಹತ್ತಿರದ ಹಳ್ಳಿಯೊಂದರಿಂದ ಬಂದ ತರುಣನೊಬ್ಬ ಈ ವರ್ಗಕ್ಕೆ ಸೇರಿದವನು. ತಂದೆ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು. ಮನೆಗೆ ಒಂದೂವರೆ ಎಕರೆ ಅಡಿಕೆ ತೋಟ. ಅವನು ದುಡಿಯುವ ಕಂಪನಿ ಇರುವುದು ನ್ಯೂಯಾರ್ಕಿನಲ್ಲಿ. ಬೆಂಗಳೂರಿನಲ್ಲಿ ಅದರದೊಂದು ನಾಮಫಲಕವೂ ಇಲ್ಲ. ಹಾಗಿದ್ದ ಮೇಲೆ ಅವನು ಬೆಂಗಳೂರಿಗೆ ಏಕೆ ಬರಬೇಕಿತ್ತು ಎಂಬುದು ಊರಿನವರೆಲ್ಲರ ಪ್ರಶ್ನೆ. ಎರಡು ಮಳೆಗಾಲ ಊರಿನಲ್ಲೇ ಕುಳಿತು ಅವನು ಪ್ರಯತ್ನಿಸದೆ ಇರಲಿಲ್ಲ. ಆರಿದ್ರಾ ಮಳೆ ಹಿಡಿದು ತಂತಿಯ ಮೇಲೆ ಮರ ಉರುಳಿದರೆ ಮೂರು ದಿನ ವಿದ್ಯುತ್ತಿಲ್ಲ. ಮೊಬೈಲಿಗೆ ಸಿಗ್ನಲ್ ಬೇಕೆಂದರೆ ಕೊಡೆ ಹಿಡಿದು ಗುಡ್ಡ ಹತ್ತಬೇಕು. ಜಿಗಣೆ ಕಚ್ಚಿಸಿಕೊಂಡು ನ್ಯೂಯಾರ್ಕಿನ ಸಾಹೇಬರೊಡನೆ ಮಾತನಾಡಿದ ದಿನಗಳೂ ಇದ್ದವು. ಇದರ ಮೇಲೆ ಮದುವೆಯ ಮಾತು. 'ಹುಡುಗ ಊರಲ್ಲೇ ಇರೋದಾ?' ಎಂದು ಕೇಳಿ, ಹೌದೆಂದರೆ ಜಾತಕ ಹಿಂದಿರುಗಿಸುವ ಹೆಣ್ಣಿನ ಕಡೆಯವರು ಮಲೆನಾಡಿನ ತೋಟದ ಮನೆಗಳಿಗೆ ಚೆನ್ನಾಗಿ ಪರಿಚಿತರು. ಸಂಬಳ ಡಾಲರಿನಲ್ಲಿ ಬಂದರೂ ಜಗಲಿ ತೀರ್ಥಹಳ್ಳಿಯದಾದರೆ ಅವರಿಗೆ ಒಪ್ಪಿಗೆಯಾಗದು.

ಅಂತೂ 2023ರ ಕೊನೆಗೆ ಅವನು ತಿಂಗಳಿಗೆ ಹದಿನೆಂಟು ಸಾವಿರಕ್ಕೆ ಮೂರನೆಯ ಅಂತಸ್ತಿನ ಕೋಣೆಯೊಂದನ್ನು ಹಿಡಿದ. ದಿನಚರಿ ವಿಚಿತ್ರವಾಗಿತ್ತು. ಅಮೆರಿಕದವರು ಮಾರ್ಚಿಯ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳುತ್ತಾರೆ, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ಎಳೆಯುತ್ತಾರೆ. ಅಲ್ಲಿಯ ಬೆಳಗಿನ ಹತ್ತು ಗಂಟೆಯ ಮೀಟಿಂಗು ಬೇಸಗೆಯಲ್ಲಿ ಇಲ್ಲಿ ರಾತ್ರಿ ಏಳೂವರೆಗೆ ಬಂದರೆ ಚಳಿಗಾಲದಲ್ಲಿ ಎಂಟೂವರೆಗೆ ಬರುತ್ತದೆ. ಕೆಳಗಿನ ಊಟದ ಮನೆ ಒಂಬತ್ತೂವರೆಗೆ ಮುಚ್ಚುತ್ತದೆ. ತಾನು ಕಂಡೇ ಇರದ ನಾಡಿನ ಜನ ಗಡಿಯಾರದ ಮುಳ್ಳು ತಿರುಗಿಸಿದ್ದಕ್ಕೆ ಸರ್ಜಾಪುರ ರಸ್ತೆಯಲ್ಲಿ ತೀರ್ಥಹಳ್ಳಿಯ ಹುಡುಗನೊಬ್ಬ ಚಳಿಗಾಲವಿಡೀ ತಣ್ಣಗಾದ ಚಪಾತಿ ತಿನ್ನಬೇಕಾಯಿತು.

ಮೂರು ತಿಂಗಳು ಕಳೆದರೂ ಅಕ್ಕಪಕ್ಕದವರ ಹೆಸರು ಅವನಿಗೆ ತಿಳಿದಿರಲಿಲ್ಲ. ದನಿಗಳು ಮಾತ್ರ ಚೆನ್ನಾಗಿ ಗೊತ್ತಿದ್ದವು. ಗೋಡೆಗಳು ತೆಳ್ಳಗಿದ್ದುದರಿಂದ ಎಡಗಡೆಯ ಕೋಣೆಯವನು ಹಿಂದಿಯಲ್ಲಿ ಯಾರಿಗೋ ಸಾಲದ ಕಂತಿನ ವಿಷಯ ವಿವರಿಸುವುದು ಹಗಲೆಲ್ಲ ಕೇಳುತ್ತಿತ್ತು. ಅವನಿಗೆ ಇವನ ಇಂಗ್ಲಿಷು ರಾತ್ರಿಯೆಲ್ಲ ಕೇಳುತ್ತಿತ್ತು. ಮೆಟ್ಟಿಲ ಮೇಲೆ ಎದುರಾದರೆ ಇಬ್ಬರೂ ಕಿವಿಯಲ್ಲಿ ಸಿಕ್ಕಿಸಿದ ಗುಂಡಿಯನ್ನು ತೆಗೆಯದೆ ತಲೆಯಾಡಿಸುತ್ತಿದ್ದರು. ಬೆಂಗಳೂರಿನಲ್ಲಿ ಕುಳಿತು ಕನ್ನಡ ಆಡಲು ಅವನಿಗೆ ಇದ್ದ ಅವಕಾಶ ಎರಡೇ: ರಾತ್ರಿ ಮನೆಗೆ ಮಾಡುವ ಫೋನು, ಬೆಳಗ್ಗೆ ನೆಲ ಒರೆಸಲು ಬರುವ ರಾಯಚೂರಿನ ಕಡೆಯ ಹೆಂಗಸು. 'ಯಾಕ್ರೀ ತಮ್ಮಾ, ಉಂಡಿಲ್ಲೇನು?' ಎಂದು ಆಕೆ ತಟ್ಟೆ ನೋಡಿ ಕೇಳುವುದುಂಟು. ಆ ಕಟ್ಟಡದಲ್ಲಿ ಆ ಪ್ರಶ್ನೆ ಕೇಳುವವರು ಬೇರೆ ಯಾರೂ ಇರಲಿಲ್ಲ. ಅದನ್ನು ಕೇಳಲೆಂದು ಆಕೆಗೆ ಯಾರೂ ಸಂಬಳ ಕೊಡುತ್ತಿರಲಿಲ್ಲ.

ನೆರೆಹೊರೆ ಹುಟ್ಟಿದ್ದು ನೀರಿನ ದೆಸೆಯಿಂದ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾಗಿದ್ದವು. 2024ರ ಮಾರ್ಚಿಯ ಹೊತ್ತಿಗೆ ಬೆಂಗಳೂರಿನ ಹೊರವಲಯದ ಕೊಳವೆಬಾವಿಗಳು ಒಂದೊಂದಾಗಿ ಬತ್ತಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ ಐದು ಸಾವಿರ ರೂಪಾಯಿ ದಂಡವೆಂದು ಜಲಮಂಡಲಿ ಆಜ್ಞೆ ಹೊರಡಿಸಿತು. ಕಾವೇರಿಯ ಐದನೆಯ ಹಂತದ ನೀರು ಆಗಿನ್ನೂ ಬಂದಿರಲಿಲ್ಲ. ಅದು ಬಂದದ್ದು ಆ ವರ್ಷದ ಅಕ್ಟೋಬರಿನಲ್ಲಿ. ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂಜೆ ಸೂಚನೆ ಬಂತು: ನಾಳೆಯಿಂದ ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮಾತ್ರ ನೀರು, ಅದೂ ಕೆಳಗಿನ ನಲ್ಲಿಯಲ್ಲಿ.

ಮಾರನೆಯ ಬೆಳಗ್ಗೆ ಮೂರು ಅಂತಸ್ತುಗಳ ಲೆಕ್ಕಿಗರು, ತಂತ್ರಜ್ಞರು, ಜಾಹೀರಾತಿನವರು ಪ್ಲಾಸ್ಟಿಕ್ ಬಕೆಟು ಹಿಡಿದು ಸಾಲಾಗಿ ನಿಂತರು. ಬಕೆಟು ಹಿಡಿದ ಕೈಯಿಂದ ಮೊಬೈಲು ನೋಡಲಾಗುವುದಿಲ್ಲ. ಬೇರೆ ದಾರಿಯಿಲ್ಲದೆ ಜನ ಒಬ್ಬರ ಮುಖವನ್ನೊಬ್ಬರು ನೋಡಿದರು. ಎಡಗೋಡೆಯ ಸಾಲದ ಕಂತಿನವನು ರಾಂಚಿಯವನೆಂದೂ, ವಿಮಾ ಕಂಪನಿಯೊಂದಕ್ಕೆ ಕೋಣೆಯಿಂದಲೇ ಕೆಲಸ ಮಾಡುತ್ತಾನೆಂದೂ, ಸಾಲ ಅವನ ತಂಗಿಯ ಓದಿಗೆಂದೂ ತಿಳಿದದ್ದು ಆ ಸಾಲಿನಲ್ಲಿ. ವಠಾರದ ನಲ್ಲಿ ಸುಮ್ಮನೆ ಹೋದದ್ದಲ್ಲ. ಎಲ್ಲೋ ಅಡಗಿ ಕುಳಿತಿತ್ತು, ಹೊತ್ತು ನೋಡಿ ಬಂತು. ಎರಡನೆಯ ದಿನ ಜಗಳವೂ ನಡೆಯಿತು. ಯಾರೋ ಒಬ್ಬರು ಎರಡು ಬಕೆಟು ತಂದಿದ್ದರು.

ಆ ಬೇಸಗೆಯಲ್ಲಿ ನೀರು ಹಿಡಿದಿಡಲೆಂದು ತಂದ ಡ್ರಮ್ಮುಗಳು ಮಳೆ ಬಂದ ಮೇಲೆ ಮಹಡಿಯಲ್ಲಿ ಬಾಯಿ ತೆರೆದುಕೊಂಡು ಉಳಿದವು. ಡೆಂಗಿ ಹರಡುವ ಸೊಳ್ಳೆಗೆ ಚರಂಡಿಯ ಕೊಳಕು ಬೇಡ. ನಿಂತ ತಿಳಿನೀರು ಅದಕ್ಕೆ ಪ್ರಿಯ. 2024ರ ಮಳೆಗಾಲದಲ್ಲಿ ರಾಜ್ಯದಲ್ಲಿ ಡೆಂಗಿ ಎಷ್ಟು ಹಬ್ಬಿತೆಂದರೆ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಬೇಕಾಯಿತು. ಆ ಅಧಿಸೂಚನೆಗೆ ಮೂರು ವಾರ ಮೊದಲೇ ತೀರ್ಥಹಳ್ಳಿಯ ತರುಣ ಮಲಗಿದ್ದ.

ಕಚೇರಿಯಲ್ಲಿ ಕೆಲಸ ಮಾಡುವವನಿಗೆ ಕಾಯಿಲೆಯಾದರೆ ಅವನ ಖಾಲಿ ಕುರ್ಚಿಯಾದರೂ ಅದನ್ನು ಸಾರುತ್ತದೆ. ದೂರದಿಂದ ದುಡಿಯುವವನಿಗೆ ಆ ಕುರ್ಚಿಯೂ ಇಲ್ಲ. 'ಎರಡು ದಿನ ರಜೆ' ಎಂದು ಒಂದು ಸಾಲು ಕಳಿಸಿದರೆ ನ್ಯೂಯಾರ್ಕಿನವರು 'ಬೇಗ ಗುಣವಾಗಲಿ' ಎಂದು ಹೃದಯದ ಚಿತ್ರವೊಂದನ್ನು ಅಂಟಿಸಿ ಮುಂದಿನ ಕೆಲಸಕ್ಕೆ ಹೊರಟುಬಿಡುತ್ತಾರೆ. ಅಡುಗೆಯವನಿಗೆ ಒಂದು ತಟ್ಟೆ ಕಡಮೆಯಾದದ್ದು ಲಾಭ. ರಾಯಚೂರಿನ ಹೆಂಗಸು ಆ ವಾರ ಊರಿನ ಜಾತ್ರೆಗೆ ಹೋಗಿದ್ದಳು. ಮನೆಯವರಿಗೆ ಗಾಬರಿಯಾದೀತೆಂದು ತರುಣ ಫೋನಿನಲ್ಲಿ 'ಸ್ವಲ್ಪ ನೆಗಡಿ' ಎಂದಿದ್ದ. ನಾಲ್ಕನೆಯ ದಿನ ಜ್ವರ ಇಳಿಯಿತು. ಅಪಾಯ ಕಳೆಯಿತೆಂದೇ ಅವನು ತಿಳಿದ. ಡೆಂಗಿಯಲ್ಲಿ ಎಚ್ಚರ ಹೆಚ್ಚು ಬೇಕಾದದ್ದು ಜ್ವರ ಇಳಿಯುವ ಹೊತ್ತಿಗೇ ಎಂಬುದು ಅವನಿಗೆ ಗೊತ್ತಿರಲಿಲ್ಲ.

ರಾಂಚಿಯವನು ಬಾಗಿಲು ತಟ್ಟಿದ್ದು ಆ ರಾತ್ರಿ. ಅವನನ್ನು ಎಬ್ಬಿಸಿ ತಂದದ್ದು ಗೋಡೆಯಾಚೆಯ ಮೌನ. ಮೂರು ರಾತ್ರಿಗಳಿಂದ ಏಳೂವರೆಯ ಇಂಗ್ಲಿಷು ಕೇಳಿರಲಿಲ್ಲ. ಮೊದಲ ದಿನ ಅವನಿಗೆ ಹಾಯೆನಿಸಿತಂತೆ. ಎರಡನೆಯ ದಿನ, ರಜೆಯಿರಬೇಕೆಂದುಕೊಂಡನಂತೆ. ಮೂರನೆಯ ದಿನ ನಿದ್ದೆ ಬರಲಿಲ್ಲವಂತೆ. ಒಳಗಿನಿಂದ ಉತ್ತರ ಬಾರದಿರಲು ಕೆಳಗೆ ಓಡಿ ಮ್ಯಾನೇಜರನನ್ನು ಎಬ್ಬಿಸಿ ಇನ್ನೊಂದು ಕೀಲಿಯಿಂದ ಬಾಗಿಲು ತೆಗೆಸಿದ. ತರುಣ ಹೊಟ್ಟೆ ಹಿಡಿದುಕೊಂಡು ಮುದುರಿ ಬಿದ್ದಿದ್ದ. ಎದ್ದು ನಿಲ್ಲಲು ಶಕ್ತಿಯಿರಲಿಲ್ಲ. ಇಬ್ಬರೂ ಸೇರಿ ಅವನನ್ನು ಆಟೋದಲ್ಲಿ ಕೂರಿಸಿಕೊಂಡು ಹತ್ತಿರದ ಆಸ್ಪತ್ರೆಗೆ ಒಯ್ದರು.

ಆಸ್ಪತ್ರೆಯ ಕೌಂಟರಿನಲ್ಲಿ ಕೊಟ್ಟ ಕಾಗದದಲ್ಲಿ 'ರೋಗಿಗೂ ನಿಮಗೂ ಇರುವ ಸಂಬಂಧ' ಎಂದೊಂದು ಅಂಕಣವಿತ್ತು. ರಾಂಚಿಯವನು 'ಪಕ್ಕದ ಕೋಣೆ' ಎಂದು ಬರೆದ. ಅಲ್ಲಿದ್ದವಳು ಅದನ್ನು ಒಪ್ಪಲಿಲ್ಲ, ರಕ್ತಸಂಬಂಧ ಬೇಕೆಂದಳು. ಅವನು ಹಿಂದಿನದನ್ನು ಹೊಡೆದುಹಾಕಿ 'ಅಣ್ಣ' ಎಂದು ಬರೆದು ಸಹಿ ಮಾಡಿದ. ಒಬ್ಬನ ಹೆಸರು ಹೇಳುವುದು ಮಲೆನಾಡು, ಇನ್ನೊಬ್ಬನದು ಛೋಟಾ ನಾಗಪುರ. ಆಕೆ ಎರಡನ್ನೂ ನೋಡಿದಳು, ಗಡಿಯಾರ ನೋಡಿದಳು, ಮುದ್ರೆ ಒತ್ತಿದಳು. ರಾತ್ರಿ ಒಂದೂವರೆಗೆ ಅಷ್ಟು ಸುಳ್ಳನ್ನು ಒಪ್ಪಿಕೊಂಡ ಆಕೆಗೆ ಪುಣ್ಯ ಬರಲಿ.

ಮಾರನೆಯ ಸಂಜೆಯ ಹೊತ್ತಿಗೆ ತೀರ್ಥಹಳ್ಳಿಯಿಂದ ತಂದೆ ಬಂದಿಳಿದರು. ಕೈಯಲ್ಲೊಂದು ಚೀಲ, ಅದರಲ್ಲಿ ಎರಡು ಪಂಚೆ, ಹಲಸಿನ ಹಪ್ಪಳದ ಕಟ್ಟು, ಅಮ್ಮ ಕೊಟ್ಟ ಗಂಜಿಯ ಅಕ್ಕಿ. ಆಸ್ಪತ್ರೆಯಲ್ಲಿ ಮಗನ ಮಗ್ಗುಲಿನ ಬೆಂಚಿನ ಮೇಲೆ ನಾಲ್ಕು ರಾತ್ರಿ ಮಲಗಿದರು. ಪ್ಲೇಟ್‌ಲೆಟ್ ಎಣಿಕೆ ಏರಿ, ಐದನೆಯ ದಿನ ಡಾಕ್ಟರು ಮನೆಗೆ ಕಳಿಸಿದರು. ಇನ್ನೊಂದು ವಾರ ಯಾರಾದರೂ ಜೊತೆಗಿರಲಿ ಎಂದರು. ತಂದೆ ಚೀಲ ಹಿಡಿದು ಮಗನೊಡನೆ ಕೋಲಿವಿಂಗಿಗೆ ಬಂದರು. ಮ್ಯಾನೇಜರು ದಾವಣಗೆರೆ ಕಡೆಯ ಇಪ್ಪತ್ತನಾಲ್ಕು ವರ್ಷದ ಹುಡುಗ. ಮೇಷ್ಟರೆಂದು ತಿಳಿದು ಎದ್ದು ನಿಂತು ನಮಸ್ಕರಿಸಿದ; ಆಮೇಲೆ ತಲೆ ತಗ್ಗಿಸಿ ನಿಯಮ ಹೇಳಿದ. ರಾತ್ರಿ ಒಂಬತ್ತರ ಮೇಲೆ ಹೊರಗಿನವರು ಯಾರೂ ಇರುವಂತಿಲ್ಲ.

'ನಾನು ಹೊರಗಿನವನಲ್ಲವಪ್ಪಾ, ಅವನ ತಂದೆ' ಎಂದರು ಮೇಷ್ಟರು.

'ಗೊತ್ತು ಸಾರ್. ಆದರೆ ಕ್ಯಾಮರಾಕ್ಕೆ ಗೊತ್ತಿಲ್ಲ.'

ಆ ಹುಡುಗನನ್ನು ಬೈದು ಪ್ರಯೋಜನವಿರಲಿಲ್ಲ. ನಿಯಮಕ್ಕೂ ಅದರದೇ ಆದ ಹಿನ್ನೆಲೆಯಿತ್ತು. ಅದೇ ಜುಲೈಯಲ್ಲಿ ಕೋರಮಂಗಲದ ಮಹಿಳೆಯರ ಪಿ.ಜಿ.ಯೊಂದಕ್ಕೆ ಹೊರಗಿನವನೊಬ್ಬ ನುಗ್ಗಿ ಅಲ್ಲಿದ್ದ ತರುಣಿಯನ್ನು ಕೊಂದಿದ್ದ. ಆಗಸ್ಟಿನಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಪಿ.ಜಿ.ಗಳಿಗೆ ಹೊಸ ಕಟ್ಟಳೆಗಳನ್ನು ಮಾಡಿತ್ತು: ಬಾಗಿಲು ಬಾಗಿಲಿಗೂ ಕ್ಯಾಮರಾ, ತಲೆಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು. ನಗರದಲ್ಲಿ ಒಬ್ಬ ಮನುಷ್ಯನಿಗೆ ಎಷ್ಟು ನೆಲ, ಎಷ್ಟು ನೀರು ಬೇಕೆಂದು ಯಾರಾದರೂ ಲೆಕ್ಕ ಹಾಕಿದ್ದು ಒಳ್ಳೆಯದೇ ಆಯಿತು. ಕಾಯಿಲೆ ಬಿದ್ದ ಮಗನ ಪಕ್ಕದಲ್ಲಿ ಚಾಪೆ ಹಾಸಲು ತಂದೆಗೆ ಎಷ್ಟು ಜಾಗ ಬೇಕೆಂಬುದು ಪಾಲಿಕೆಯ ಲೆಕ್ಕಕ್ಕೂ ಬಂದಿರಲಿಲ್ಲ, ಮಾಲೀಕರ ಲೆಕ್ಕಕ್ಕೂ ಬಂದಿರಲಿಲ್ಲ. ಆಸ್ಪತ್ರೆಯಲ್ಲಿ ರೋಗಿಯ ಮಗ್ಗುಲಿಗೆ ಒಂದು ಬೆಂಚಾದರೂ ಇತ್ತು. ತಿಂಗಳಿಗೆ ಹದಿನೆಂಟು ಸಾವಿರ ಕೊಡುವ ಕೋಣೆಯಲ್ಲಿ ಅದಿರಲಿಲ್ಲ.

ಒಂದೂವರೆ ಮೈಲಿ ಆಚೆ ಒಂದು ಲಾಡ್ಜು ಗೊತ್ತಾಯಿತು. ತಂದೆ ಬೆಳಗ್ಗೆ ಏಳಕ್ಕೆ ಬರುವುದು, ಎಲ್ಲರಿಗೂ ಸೇರಿದ ಅಡುಗೆಮನೆಯಲ್ಲಿ ಗಂಜಿ ಬೇಯಿಸುವುದು, ರಾತ್ರಿ ಒಂಬತ್ತಕ್ಕೆ ಮಗನಿಗೆ ಹೊದಿಸಿ ಹೊರಡುವುದು. ಹಾಗಾದರೆ ರಾತ್ರಿ ಜೊತೆಗಿರುವವರು ಯಾರು? ರಾಂಚಿಯವನು ತನ್ನ ಹಾಸಿಗೆ ಎಳೆದುಕೊಂಡು ಬಂದು ತರುಣನ ಕೋಣೆಯ ನೆಲದ ಮೇಲೆ ಹಾಸಿದ. ಅದಕ್ಕೆ ನಿಯಮದ ಅಡ್ಡಿಯಿರಲಿಲ್ಲ, ಅವನು ಒಳಗಿನವನು.

'ಇದು ಒಳ್ಳೆ ನ್ಯಾಯ ಮಾರಾಯ' ಎಂದರು ತಂದೆ, ಚಪ್ಪಲಿ ಮೆಟ್ಟುತ್ತ. ಕೋಪದಿಂದಲ್ಲ, ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

ತಂದೆಯವರು ಹರೆಯದಲ್ಲಿ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಮಧ್ಯಮಾ ಪರೀಕ್ಷೆ ಮುಗಿಸಿದವರು. ಆ ಹಿಂದಿ ನಲವತ್ತು ವರ್ಷಗಳಿಂದ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಪಟ್ಟೆಸೀರೆಯಂತೆ ಇತ್ತು. ಈಗ ಅದನ್ನು ಹೊರತೆಗೆದರು. 'ಆಪ್ ಕಾ ಶುಭ ನಾಮ್ ಕ್ಯಾ ಹೈ?' ಎಂದು ಮೊದಲುಮಾಡಿ, 'ಆಪ್ ಕೇ ಪೂಜ್ಯ ಪಿತಾಜೀ' ಎಂಬಲ್ಲಿಗೆ ಬಂದರು. ಆ ಪಠ್ಯಪುಸ್ತಕದ ಹಿಂದಿಗೆ ರಾಂಚಿಯವನಿಗೆ ನಗು ಬಂದರೂ ಕೈಕಟ್ಟಿ ನಿಂತೇ ಉತ್ತರ ಕೊಟ್ಟ. ತನ್ನ ಪೂಜ್ಯ ಪಿತಾಜೀ ತೀರಿಕೊಂಡು ಆರು ವರ್ಷವಾಯಿತೆಂದ. ಆ ಸಂಜೆ ತಂದೆ ಗಂಜಿಯ ಜೊತೆಗೆ ಹಪ್ಪಳವನ್ನೂ ಕರಿದರು. ಹಲಸಿನ ಹಪ್ಪಳದ ವಾಸನೆ ಮೂರು ಅಂತಸ್ತಿಗೂ ಏರಿ, ಗೋಡೆಯ ಚಿತ್ರದವರಷ್ಟಲ್ಲದಿದ್ದರೂ ಏಳೆಂಟು ಮಂದಿ ಹಜಾರದಲ್ಲಿ ಬಂದು ಕುಳಿತರು. ಇದೇನೆಂದು ಕೇಳಿದವರಿಗೆಲ್ಲ ಮೇಷ್ಟರು ಹಲಸಿಗೆ ಹಿಂದಿಯಲ್ಲಿ 'ಕಟಹಲ್' ಎಂದು ಹೇಳಿಕೊಟ್ಟರು.

ಎಂಟನೆಯ ದಿನ ಅವರು ಊರಿಗೆ ಹೊರಟರು. ಕೊಳೆ ಅಡಿಕೆಯ ಕಾಲ; ತೋಟ ಬಿಟ್ಟು ಹೆಚ್ಚು ದಿನ ಇರುವಂತಿರಲಿಲ್ಲ. ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ತೀರ್ಥಹಳ್ಳಿಯ ರಾತ್ರಿ ಬಸ್ಸಿಗೆ ಹತ್ತಿಸಲು ಇಬ್ಬರೂ ಬಂದಿದ್ದರು. ಕಿಟಕಿಯಿಂದ ತಂದೆ ಮಗನಿಗೆ ಹೇಳಿದ್ದು ಮಾತ್ರೆಯ ವಿಷಯವಲ್ಲ. 'ಆ ಕಾಗದ ಇನ್ನೊಮ್ಮೆ ಓದು. ಮುಂದಿನ ಸಲ ಸಹಿ ಹಾಕುವ ಮೊದಲು ತಂದೆತಾಯಿ ಎರಡು ರಾತ್ರಿ ಇರಬಹುದೋ ಇಲ್ಲವೋ ಕೇಳು. ಇಲ್ಲ ಅಂದರೆ ಬಾಡಿಗೆಯಲ್ಲಿ ಕಡಮೆ ಮಾಡು ಅನ್ನು.'

'ಅವರು ಒಪ್ಪಲ್ಲ ಅಪ್ಪಯ್ಯ.'

'ಒಪ್ಪದಿದ್ದರೆ ಬೇಡ. ಕೇಳಿದ್ದು ಅವರಿಗೆ ನೆನಪಿರಲಿ.'

ನವೆಂಬರಿನಲ್ಲಿ ಕರಾರು ಮುಗಿದಾಗ ತರುಣ ಕೇಳಿದ. ಇ-ಮೇಲಿನಲ್ಲಿ, ನಯವಾದ ಇಂಗ್ಲಿಷಿನಲ್ಲಿ. ಅವನೊಡನೆ ಇನ್ನೂ ಹನ್ನೊಂದು ಮಂದಿ, ಬಕೆಟ್ಟಿನ ಸಾಲಿನಲ್ಲಿ ಪರಿಚಿತರಾದವರು, ಹೆಸರು ಸೇರಿಸಿದರು. ಮೂರು ವಾರ ಉತ್ತರ ಬರಲಿಲ್ಲ. ಆಮೇಲೆ ಬಂತು: ಗುರುತಿನ ಚೀಟಿ ತೋರಿಸಿದ ತಂದೆ ಅಥವಾ ತಾಯಿ ತಿಂಗಳಿಗೆ ಎರಡು ರಾತ್ರಿ ಉಳಿಯಬಹುದು, ರಾತ್ರಿಗೆ ಆರುನೂರು ರೂಪಾಯಿ. ಹಣ ಕೇಳಿದ್ದನ್ನು ಕಂಡು ಕೆಲವರು ಸಿಟ್ಟಾದರು. ಮೇಷ್ಟರು ಫೋನಿನಲ್ಲಿ ಕೇಳಿ, ಲಾಡ್ಜು ಒಂಬೈನೂರಾಗಿತ್ತು ಎಂದರು. ತರುಣ ಇನ್ನು ಹನ್ನೊಂದು ತಿಂಗಳಿಗೆ ಸಹಿ ಹಾಕಿದ.

ರಾಂಚಿಯವನಿಗೆ ಮರುವರ್ಷ ಪುಣೆಯಲ್ಲಿ ಬೇರೆ ಕೆಲಸ ಸಿಕ್ಕಿತು. ಅವನ ಕೋಣೆ ಎರಡೇ ದಿನಕ್ಕೆ ಇನ್ನೊಬ್ಬರಿಗೆ ಹೋಯಿತು. ಅಲ್ಲಿಗೆ ಬಂದವನು ಮೀಟಿಂಗಿನಲ್ಲಿ ಬಾಯಿ ತೆರೆಯದ ಪ್ರಾಣಿ. ಕೀಲಿಮಣೆಯ ಟಕಟಕ ಬಿಟ್ಟರೆ ಗೋಡೆಯಾಚೆ ಸದ್ದಿಲ್ಲ. ಮೂರನೆಯ ಸಂಜೆ ಆ ಟಕಟಕವೂ ನಿಂತಿರಲು ತರುಣ ಹೋಗಿ ಬಾಗಿಲು ತಟ್ಟಿದ. ಅವನು ಸಿನಿಮಾಕ್ಕೆ ಹೋಗಿದ್ದ.

ಹಲಸಿನ ಕಾಲ ಮುಗಿದ ಮೇಲೆ ತೀರ್ಥಹಳ್ಳಿಯ ಅಂಚೆ ಕಚೇರಿಯಿಂದ ಹಪ್ಪಳದ ಎರಡು ಪೊಟ್ಟಣಗಳು ಹೊರಟವು. ಒಂದು ಬೆಂಗಳೂರಿಗೆ, ಒಂದು ಪುಣೆಗೆ. ಪುಣೆಯದರ ಮೇಲೆ ಮೇಷ್ಟರು ವಿಳಾಸವನ್ನು ದೇವನಾಗರಿಯಲ್ಲಿ ತಾವೇ ಬರೆದರು. ಹಪ್ಪಳ ಒಡೆಯದಂತೆ ಅಮ್ಮ ಅದಕ್ಕೆ ಹಳೆಯ ಪಂಚೆಯ ಎರಡು ಸುತ್ತು ಹೆಚ್ಚು ಸುತ್ತಿದಳು.